ಒಂದನೇ ಖಾನೆ

ಕುಂಸಿ ಸ್ಟೇಷನ್ನಿನ ಆಚೆ, ಹಳಿಗೆ ಬೆನ್ನು ಹಾಕಿ ನಿಂತ ಶೆಡ್ಡು.
ನಾಲ್ಕು ಖಾನೆ. ಖಾನೆಗೆ ಮೂವತ್ತು ಮರಿ.
ಬಂದಿಳಿದ ಬೆಳಿಗ್ಗೆ ಕ್ರೇಟಿನ ತುಂಬ
ಹಳದಿ ಗದ್ದಲ.
ಸಫೂರಾ ಮೇಡಂ ಒಂದೊಂದನ್ನೂ ತೂಗಿ
ನಲವತ್ತೆರಡು, ನಲವತ್ತು, ನಲವತ್ಮೂರು ಎಂದು ಕೂಗಿದರು,
ನಾನು ರೆಕ್ಕೆಗೆ ನಂಬರು ಹಾಕಿದೆ.
ಗ್ರಾಂ ಅಂದರೆ ಏನೆಂದು ಅವತ್ತು ತಿಳಿಯಿತು:
ಅಂಗೈಯಲ್ಲಿ ಇದ್ದೂ ಇಲ್ಲದ ಹಾಗಿನ ಬಿಸಿ.

ನಾಲ್ಕನೆಯದಕ್ಕೆ ಅರಿಶಿನ, ಬೆಳ್ಳುಳ್ಳಿ.
ಮೂರಕ್ಕೆ ನೆಲನೆಲ್ಲಿ, ನೆಲಬೇವು;
ನೆರಳಲ್ಲಿ ಒಣಗಿಸಿ, ಜರಡಿ ಹಿಡಿದು,
ಕಿಲೋ ಮೇವಿಗೆ ಇಷ್ಟೇ ಎಂದು ಚೀಟಿ ಅಂಟಿಸಿದ ಡಬ್ಬಿ.
ಎರಡಕ್ಕೆ ಕಂಪನಿಯ ಬಿಳಿ ಪುಡಿ.
ಒಂದನೆಯದಕ್ಕೆ?
"ಬರೀ ಮೇವು, ಹಾಲಮ್ಮ. ಬರೀ ನೀರು."
"ಅವೇನು ತಪ್ಪು ಮಾಡಿದ್ವು ಮೇಡಂ?"
ನಕ್ಕರು. "ಏನೂ ಕೊಡದ ಒಂದು ಗುಂಪು ಇರದಿದ್ದರೆ
ಕೊಟ್ಟದ್ದು ಏನು ಮಾಡಿತು ಅಂತ ಹೇಗೆ ತಿಳೀಬೇಕು?"
ತಲೆಯಾಡಿಸಿದೆ.
ತಲೆಗೆ ಅರ್ಥವಾದದ್ದು ಕೈಗೆ ಆಗಿರಲಿಲ್ಲ.

ಏಳನೇ ದಿನ ಕಣ್ಣಿಗೆ ಒಂದು ಹನಿ ಲಸಿಕೆ,
ಹದಿನಾಲ್ಕಕ್ಕೆ ಇನ್ನೊಂದು.
ಹೊಟ್ಟು ಮಗುಚುವುದು, ಪರದೆ ಏರಿಸಿ ಇಳಿಸುವುದು.
ಮೂಗಿಗೆ ಅಡರುವ ಆ ಘಾಟು
ಸೀಗೆ ಹಾಕಿ ಮಿಂದರೂ ಮೈ ಬಿಡದೆ
ಮೊಮ್ಮಗಳು ಪಕ್ಕ ಮಲಗಲು ಒಲ್ಲೆ ಎಂದಳು.
ರಾತ್ರಿ ತಾಳಗುಪ್ಪದ ರೈಲು ಕೂಗಿತೆಂದರೆ
ನಾಲ್ಕೂ ಖಾನೆಯ ಮರಿಗಳು ಮೂಲೆಗೆ, ಒಂದರ ಮೇಲೊಂದು.
ಓಡಿ ಹೋಗಿ ಬಿಡಿಸಬೇಕು, ಅಡಿಯವು ಉಸಿರುಗಟ್ಟುವ ಮೊದಲು.

ಮೂರನೇ ವಾರ ಒಂದನೆಯದು ಮಂಕಾಯಿತು.
ರೆಕ್ಕೆ ಜೋತು, ಹಿಕ್ಕೆ ನೀರಾಗಿ,
ಹದಿನೇಳನೇ ನಂಬರು ತಟ್ಟೆಯ ಪಕ್ಕದಲ್ಲೇ
ಮೇವು ಮುಟ್ಟದೆ ಕಣ್ಣು ಮುಚ್ಚಿ ಕೂತಿತು.
ಜಾಲರಿಯಾಚೆ ಮೂರನೆಯವು
ಕೆದಕಿ, ಜಗಳಾಡಿ, ಎದೆ ಸೆಟೆಸಿ ತಿರುಗುತ್ತಿದ್ದವು.
ನಮ್ಮಣ್ಣನಿಗೆ ಕಾಮಾಲೆ ಬಂದಾಗ
ಅವ್ವ ಏಳು ಬೆಳಗು ಅರೆದು ಕುಡಿಸಿದ ಸೊಪ್ಪು
ಶೆಡ್ಡಿನ ಚರಂಡಿಯಂಚಿಗೆ ಯಾರೂ ಬಿತ್ತದೆ ಬೆಳೆದಿತ್ತು,
ಎಲೆಯ ಬೆನ್ನಿಗೆ ಸಾಸಿವೆಸಾಲು ಕಟ್ಟಿಕೊಂಡು.
ಕಿತ್ತೆ. ಕಲ್ಲಲ್ಲಿ ಜಜ್ಜಿದೆ.
ರೈಲು ಹೋದ ಮೇಲೆ, ಬಲ್ಬಿನ ಕೆಳಗೆ,
ಒಂದನೆಯದರ ನೀರಿಗೆ ಹಿಂಡಿದೆ.
ಹತ್ತು ರಾತ್ರಿ.

ನಲವತ್ತೆರಡನೇ ದಿನ
ಖಾನೆಗೆ ಆರು ಹಕ್ಕಿ ಕೊಯ್ದು, ತೆರೆದು,
ಕರುಳನ್ನು ಅಳತೆಪಟ್ಟಿಗೆ ಹಿಡಿದು, ಈಲಿಯನ್ನು ತಟ್ಟೆಗಿಟ್ಟು,
ಉಳಿದವು ಅಂಗಡಿಯವನ ಗಾಡಿಗೆ.
ಗಟ್ಟಿಮುಟ್ಟಾದವೂ ಅದೇ ಗಾಡಿಗೆ. ಅದನ್ನು ನಾನು ಕೇಳಲಿಲ್ಲ.
ಮೇಡಂ ಹಾಳೆಯ ಮೇಲೆ ಬಗ್ಗಿದ್ದರು.
"ಈ ಒಂದನೇ ಖಾನೆ ಯಾಕೆ ಹೀಗೆ?
ಬಿದ್ದದ್ದು ಮತ್ತೆ ಎದ್ದಿದೆ.
ಮೇವು ಬದಲಾಯಿತಾ? ನೀರಾ?"
ಮತ್ತೆ ಕೂಡಿಸಿದರು. ಮತ್ತೆ ಕಳೆದರು.
ಅವರ ಕಣ್ಣ ಕೆಳಗೂ ನಿದ್ದೆಗೆಟ್ಟ ಕಪ್ಪು.
"ನೀರು," ಅಂದೆ.

ಬೈಯಲಿಲ್ಲ. ಅದೇ ಕಷ್ಟವಾಯಿತು.
ಕೈ ತೊಳೆದು ಬಂದು, ಹಾಳೆ ಹರಿಯದೆ,
ಒಂದನೇ ಖಾನೆಯ ಉದ್ದಕ್ಕೂ ಒಂದೇ ಗೆರೆ ಎಳೆದರು,
ಕೆಳಗಿನ ಅಂಕಿ ಕಾಣುವ ಹಾಗೆ.
"ಎಷ್ಟು ಹಾಕಿದಿರಿ?"
"ಒಂದು ಹಿಡಿ."
"ಯಾರ ಹಿಡಿ?"
ಚರಂಡಿಗೆ ಕರೆದೊಯ್ದೆ. ಕಿತ್ತು ತೋರಿಸಿದೆ.
ಮರಿ ತೂಗಿದ ಅದೇ ತಕ್ಕಡಿಯಲ್ಲಿ
ನನ್ನ ಹಿಡಿಯನ್ನು ಇಡಿಸಿ
ಮೂವತ್ತೆಂಟು ಎಂದು ಬರೆದುಕೊಂಡರು.
ಅವ್ವನ ಹಿಡಿ ಇದಕ್ಕಿಂತ ದೊಡ್ಡದಿತ್ತು, ಅದನ್ನೂ ಹೇಳಿದೆ.
ಅದಕ್ಕೆ ಅವರ ಹಾಳೆಯಲ್ಲಿ ಖಾನೆ ಇರಲಿಲ್ಲ.

ಸೋಮವಾರ ಹೊಸ ಮರಿ ಬಂದವು.
ಈ ಸಲ ಐದು ಖಾನೆ.
ಐದನೆಯದಕ್ಕೆ ಹಸಿ ಸೊಪ್ಪು, ನೀರಿನಲ್ಲಿ, ರಾತ್ರಿ ಹೊತ್ತು;
ಚೀಟಿಯ ಮೇಲೆ ನನ್ನ ಹಿಡಿ, ಗ್ರಾಮಿನಲ್ಲಿ.
ಒಂದನೆಯದು ಮತ್ತೆ ಬರೀ ಮೇವು, ಬರೀ ನೀರು.
"ಮಂಕಾದರೆ ನೀವೇನೂ ಮಾಡಬೇಡಿ,
ಎಷ್ಟು ಹೊತ್ತಾದರೂ ನನಗೆ ಫೋನು ಮಾಡಿ," ಎಂದಿದ್ದಾರೆ.

ಈಗ ರೈಲು ಕೂಗಿದೆ.
ಐದೂ ಖಾನೆ ಮೂಲೆಗೆ ಬಿದ್ದಿವೆ.
ಐದರಿಂದ ಶುರುಮಾಡಿ ಬಿಡಿಸುತ್ತ ಬಂದು
ಒಂದನೆಯದರ ಬಾಗಿಲಲ್ಲಿ ನಿಂತು
ಬೆರಳು ಮೂಸಿಕೊಂಡೆ.
ಸೊಪ್ಪಿನ ವಾಸನೆ.
ನಲ್ಲಿಗೆ ಓಡಿದೆ.